ಕೆಲಸ ಹುಡುಕಿದಿರಾ ಎಂದು ಕೇಳಲು ಹೋಗಿ

ಮನೆಮನೆಗೆ ಹೋಗಿ "ನಿಮಗೆ ಕೆಲಸ ಇದೆಯಾ?" ಎಂದು ಕೇಳುವುದೇ ನಿಮ್ಮ ಕೆಲಸವಾದರೆ, ಏನಾದರೊಂದು ತಮಾಷೆ ನಡೆಯದ ದಿನವೇ ಇರುವುದಿಲ್ಲ. ಕೋಲ್ಕತ್ತಕ್ಕೂ ಐಟಿ ಬಂತು, ಇನ್ನು ಎಲ್ಲರಿಗೂ ಕೆಲಸ ಎಂದು ಜನ ಹೇಳುತ್ತಿದ್ದ ಕಾಲ. ಎಕನಾಮಿಕ್ಸ್ ಎಂ.ಎ. ಮುಗಿಸಿದ ನನಗೆ ಸಿಕ್ಕಿದ್ದು ನಿರುದ್ಯೋಗ ಸಮೀಕ್ಷೆಯಲ್ಲಿ ಮೂರು ತಿಂಗಳ ಕೆಲಸ. ನಾನು ಬರೆದು ತಂದ ಉತ್ತರಗಳನ್ನು ಆಮೇಲೆ ಇನ್ನೊಬ್ಬರು ಹೋಗಿ ತಾಳೆ ನೋಡುತ್ತಿದ್ದರು. ಸರಿಹೋದರೆ ಇನ್ನೂ ಆರು ತಿಂಗಳು. ಇಲ್ಲದಿದ್ದರೆ ನಾನೂ ನಿರುದ್ಯೋಗಿ. ಹೊಸಬರ ಮುಂದೆ ನನಗೆ ದನಿಯೇ ಏಳುವುದಿಲ್ಲ. ಮೊದಲ ದಿನ ಅಮ್ಮ, "ಬೆಲ್ ಒತ್ತಿ ಓಡಿ ಬಂದುಬಿಡಬೇಡ ಕಣೇ" ಎಂದೇ ಕಳಿಸಿದ್ದಳು.

೧. ಪುರುಸೊತ್ತಿಲ್ಲ

ಬೆಹಾಲಾದ ಒಂದು ಓಣಿಯ ಕ್ಲಬ್ಬಿನಲ್ಲಿ ಏಳು ಮಂದಿ ಕೇರಂ ಸುತ್ತ ನಿಂತಿದ್ದರು. ಏಳೂ ಜನ ತಮಗೆ ಕೆಲಸವಿಲ್ಲವೆಂದು ಒಂದೇ ಉಸಿರಿಗೆ ಬರೆಸಿದರು. ಕೆಲಸ ಸಿಕ್ಕರೆ ಯಾವತ್ತಿನಿಂದ ಹೋಗಬಲ್ಲಿರಿ ಎಂಬುದು ಮುಂದಿನ ಪ್ರಶ್ನೆ. ಎಲ್ಲರೂ ತಮ್ಮಲ್ಲೇ ಒಬ್ಬನಾದ ಕ್ಲಬ್ ಸೆಕ್ರೆಟರಿಯ ಮುಖ ನೋಡಿದರು. ಅವನು ಡೈರಿ ತೆಗೆದ. ರಕ್ತದಾನ ಶಿಬಿರ, ಫುಟ್ಬಾಲ್ ಪಂದ್ಯ, ದುರ್ಗಾಪೂಜೆಯ ಪೆಂಡಾಲು, ನಡುವೆ ಯಾರದೋ ಅಜ್ಜಿಯ ಕಣ್ಣಿನ ಆಪರೇಷನ್.

"ಕಾಳಿಪೂಜೆ ಮುಗೀಲಿ ದೀದಿ, ನೋಡೋಣ. ಈಗ ನಮಗೇ ಜನ ಸಾಲ್ತಾ ಇಲ್ಲ. ನೀವು ಬರ್ತೀರಾ?"

೨. ರಜೆ

ಖಿದಿರ್‌ಪುರದ ಕಡೆ ಒಂದು ಕಾರ್ಖಾನೆಗೆ ಬೀಗ ಬಿದ್ದು ವರ್ಷಗಳೇ ಆಗಿದ್ದವು. ಅಲ್ಲಿಯ ಫಿಟ್ಟರ್ ಒಬ್ಬರು ಮಾತ್ರ ಈಗಲೂ ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಎಂಟಕ್ಕೆ ಹೊರಡುತ್ತಾರೆಂದು ಅವರ ಹೆಂಡತಿಯೇ ಹೇಳಿದರು. ಮುಚ್ಚಿದ ಗೇಟಿನ ಮುಂದೆ ಹಳೆಯ ಜೊತೆಗಾರರೊಂದಿಗೆ ಐದರವರೆಗೆ ಕೂತು ಬರುತ್ತಾರಂತೆ. ಗೇಟು ತೆರೆದ ದಿನ ತಾವು ಗೈರುಹಾಜರಿ ಆಗಬಾರದಲ್ಲ. ನಾನು ಹೋದ ಬುಧವಾರ ಅವರು ಮನೆಯಲ್ಲೇ ಇದ್ದರು. ಕಳೆದ ಏಳು ದಿನ ಏನು ಮಾಡಿದಿರಿ ಎಂದು ಅಳುಕುತ್ತಲೇ ಕೇಳಿದೆ. ಬೆರಳು ಮಡಿಸಿ ಲೆಕ್ಕ ಹಾಕಿದರು.

"ಐದು ದಿನ ಹೋಗಿದ್ದೆ. ಒಂದು ಭಾನುವಾರ. ಇವತ್ತು ನೆಗಡಿ, ಸಿ.ಎಲ್. ಹಾಕಿದೀನಿ."

೩. ಮೂವರು ಅಣ್ಣತಮ್ಮಂದಿರು

ಕಸ್ಬಾದ ಒಂದು ಮನೆಯಲ್ಲಿ ಮೂವರು ಅವಿವಾಹಿತ ಅಣ್ಣತಮ್ಮಂದಿರು, ಮೂವರೂ ರಿಟೈರ್ಡ್. ನನ್ನ ಪ್ರಶ್ನೆಗಳು ಐದು ನಿಮಿಷಕ್ಕೆ ಮುಗಿದವು, ಅವರವು ಒಂದು ಗಂಟೆ ನಡೆದವು. ಕೆಲಸ ಪರ್ಮನೆಂಟಾ? ಎಂ.ಎ.ಲಿ ಎಷ್ಟು ಮಾರ್ಕ್ಸು? ಇಷ್ಟು ಮೆಲ್ಲಗೆ ಮಾತಾಡಿದರೆ ಇಂಟರ್‌ವ್ಯೂನಲ್ಲಿ ಯಾರಿಗೆ ಕೇಳುತ್ತೆ? ಎರಡು ಸಂದೇಶ್ ಮಿಠಾಯಿ ತಿನ್ನಿಸಿ, ನನ್ನ ಬಯೋಡೇಟಾ ಬರೆಸಿಕೊಂಡೇ ಬಿಟ್ಟರು. "ಮೂವರೂ ಕೆಲಸ ಹುಡುಕುತ್ತಿಲ್ಲ" ಎಂದು ತುಂಬಿ ನಾನು ಎದ್ದು ಬಂದೆ.

ಹದಿನೈದು ದಿನದ ಮೇಲೆ ಸೂಪರ್‌ವೈಸರ್ ಕರೆದು ಎರಡು ಫಾರಂ ಪಕ್ಕಪಕ್ಕ ಇಟ್ಟರು. ತಾಳೆ ನೋಡಲು ಹೋದವರ ಫಾರಂನಲ್ಲಿ ಮೂವರೂ ದಿನಾ ಕೆಲಸ ಹುಡುಕುತ್ತಿದ್ದಾರೆ ಎಂದಿತ್ತು. ಯಾರೋ ಒಬ್ಬರದ್ದು ಸುಳ್ಳು. ನನ್ನದಾದರೆ ಆರು ತಿಂಗಳ ಮಾತು ಅಲ್ಲಿಗೇ ಮುಗಿಯಿತು. ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೂಪರ್‌ವೈಸರೇ ಕಸ್ಬಾಗೆ ಹೊರಟರು.

ಬಾಗಿಲು ತೆಗೆದ ಕಿರಿಯ ತಮ್ಮ, ಸೂಪರ್‌ವೈಸರ್ ಕೇಳಿದ್ದಕ್ಕೆ ಸಂಕೋಚವಿಲ್ಲದೆ ಒಪ್ಪಿಕೊಂಡರು: ಹೌದು, ಮೂವರೂ ಹುಡುಕುತ್ತಿದ್ದೆವು. ಆದರೆ ನಮಗಲ್ಲ, ಈ ಹುಡುಗಿಗೆ. ಪೇಪರಿನ ಜಾಹೀರಾತಿಗೆಲ್ಲ ಗೆರೆ ಎಳೆದಿಟ್ಟಿದ್ದರು. ಸೂಪರ್‌ವೈಸರ್ ಬಾಗಿಲಲ್ಲೇ ನಕ್ಕು, ನನ್ನ ಫಾರಮ್ಮೇ ಸರಿ ಎಂದು ಅಲ್ಲೇ ಸಹಿ ಹಾಕಿದರು. ನನಗೆ ಉಸಿರು ಬಂತು.

ಅಷ್ಟರಲ್ಲಿ ಹಿರಿಯಣ್ಣ ಟೈ ಕಟ್ಟಿಕೊಂಡು ಒಳಗಿನಿಂದ ಬಂದರು. ನನ್ನನ್ನು ಕಂಡದ್ದೇ ತಲೆ ತಗ್ಗಿಸಿದರು. ಹತ್ತಿರದ ಒಂದು ಸಾಫ್ಟ್‌ವೇರ್ ಕಂಪನಿಗೆ, ವಿದೇಶದ ಗಿರಾಕಿಗಳಿಗೆ ಇಂಗ್ಲಿಷ್ ಕಾಗದ ಬರೆಯುವವರು ಬೇಕಿತ್ತಂತೆ.

"ನಿನಗೆ ಮಾತು ಬರೋದಿಲ್ಲವಲ್ಲ ಮಾ, ಅದಕ್ಕೆ ನಿನ್ನ ಪರವಾಗಿ ಮಾತಾಡೋಕೆ ನಾನೇ ಹೋದೆ," ಎಂದರು. "ಸ್ವಲ್ಪ ಜಾಸ್ತಿ ಚೆನ್ನಾಗಿ ಮಾತಾಡಿಬಿಟ್ಟೆ. ಸೋಮವಾರದಿಂದ ನಾನೇ ಹೋಗ್ತಾ ಇದೀನಿ."