ಸೈಕಲ್ಲಿನ ಖಾಲಿ ಕ್ಯಾರಿಯರ್

"ಅಣ್ಣಾರ, ಹೈಸ್ಕೂಲಿಗೆ ದಾರಿ ಯಾವದ್ರಿ?"

ಕೆಲಸದ ಮೊದಲ ದಿನ, ಸೈಕಲ್ ಮೇಲೆ ನಾನು, ಸುತ್ತಲೂ ಆಳೆತ್ತರದ ಕಬ್ಬು. ಎಮ್ಮೆ ಮೇಯಿಸುತ್ತಿದ್ದವನು ಕೈ ಮಾಡಿದ: "ಹಿಂಗ ಸೀದಾ ಹೋಗ್ರಿ ಟೀಚರ. ಕಬ್ಬು ಮುಗದ ಕೂಡ್ಲೆ ಎಡಕ್ಕ ಹೊಳ್ರಿ."

ಕಬ್ಬು ಮುಗಿಯಿತು, ಹೊರಳಿದೆ, ಯಾರದೋ ಬಾವಿಯ ಮುಂದೆ ಹೋಗಿ ನಿಂತೆ. ಅಲ್ಲಿ ಅರಿವೆ ಒಗೆಯುತ್ತಿದ್ದವಳು ನನ್ನ ಮಾತು ಕೇಳಿ ನಕ್ಕಳು: "ಅಂವಾ ಹೇಳಿದ್ದು ಮುಂದಿನ ಹೊಲದ ಕಬ್ಬು. ಅದನ್ನ ನಿನ್ನೆ ಕಡದ್ರು. ಈಗ ಸಕ್ಕರಿ ಆಗಿರ್ತೈತಿ ನೋಡ್ರಿ."

ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಿಗೆ ಇಂಥವು ತಪ್ಪಿದ್ದಲ್ಲ. ಮೋಟಾರಿನವರನ್ನು ಯಾರೂ ತಡೆಯಲಾರರು. ನಮ್ಮ ವೇಗದವರನ್ನು ಊರೇ ನಿಲ್ಲಿಸಿ ಮಾತಾಡಿಸಬಲ್ಲದು. ಕುಡಚಿ ಸ್ಟೇಷನ್ ಬಳಿಯ ನನ್ನ ರೂಮಿನಿಂದ ಶಾಲೆಗೆ ಹೀಗೇ ಹೋಗುತ್ತಿದ್ದೆ. ತಡವಾದರೆ ಹೆಡ್‌ಮಾಸ್ತರು ಅರ್ಧ ದಿನದ ರಜೆ ಕತ್ತರಿಸುತ್ತಿದ್ದರು. ನನಗೋ ಆ ರಜೆಯೇ ಜೀವ. ಅದನ್ನು ಕೂಡಿಟ್ಟೇ ನಾನು ದೇಶ ತಿರುಗಿದ್ದು.

ಸ್ಕೂಟಿ

ಸಹೋದ್ಯೋಗಿಯೊಬ್ಬರು ಕನಿಕರಪಟ್ಟರು: "ಲಡಾಖ್ ನೋಡೀರಿ, ಅಸ್ಸಾಂ ನೋಡೀರಿ. ಒಂದು ಸ್ಕೂಟಿ ತಗೊಳ್ಳಾಕ ಆಗಲಿಲ್ಲೇನ್ರಿ?"

"ಅವನ್ನೆಲ್ಲ ನೋಡಿದ್ದಕ್ಕ ಆಗಲಿಲ್ರಿ."

ಬುತ್ತಿ

ನಮ್ಮ ಕಡೆ ಖಾಲಿ ಕ್ಯಾರಿಯರ್ ಅಂದರೆ ಅನ್ನ ಚೆಲ್ಲಿದಂತೆ. "ಖಾಲೀನ ಹೊಂಟೀರಲ್ರಿ ಅಕ್ಕಾರ" ಎಂದು ಒಬ್ಬಾಕೆ ದಿನವೂ ಗಂಡನ ಬುತ್ತಿ ಇಟ್ಟುಬಿಡುತ್ತಿದ್ದಳು. ಒಂದು ದಿನ ಅವನು ಹೊಲದ ಬದುವಿನ ಮೇಲೇ ಬಿಚ್ಚಿ, ಒಂದು ತುತ್ತು ತಿಂದು, "ಪಲ್ಯಾಕ ಉಪ್ಪಿಲ್ಲ, ಅಕಿಗೆ ಹೇಳ್ರಿ" ಅಂದ.

ಮರುದಿನ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು: "ಗಂಡ ಹೆಂಡತಿ ನಡುವ ನೀವ್ಯಾಕ ಬರ್ತೀರಿ? ಬುತ್ತಿ ಒಯ್ಯೂದಷ್ಟ ನಿಮ್ಮ ಕೆಲಸ."

ಋಣ

ಒಮ್ಮೆ ಸೈಕಲ್ ಸಮೇತ ಕಾಲುವೆಗೆ ಬಿದ್ದೆ. ದಾರಿಯಲ್ಲಿದ್ದ ಮುದುಕಿ ಆಯಿಯೊಬ್ಬಳು ಎಮ್ಮೆಯ ಹಗ್ಗ ಎಸೆದು ಎಳೆದಳು. ಏನು ಕೊಡಲಿ ಎಂದರೆ, "ಋಣ ಇರ್ಲಿ ಬಿಡವಾ. ಬೇಕಾದಾಗ ಕೇಳ್ತೀನಿ" ಅಂದಳು.

ಕೇಳಿದ್ದು ಎಂಥ ದಿನ! ಸಿಕ್ಕಿಂಗೆ ಟಿಕೆಟ್ ಆಗಿತ್ತು. ರಜೆ ಲೆಕ್ಕಕ್ಕೆ ಸರಿಯಾಗಿತ್ತು. ಇನ್ನೊಮ್ಮೆ ತಡವಾದರೆ ಸಿಕ್ಕಿಂ ಇಲ್ಲ. ಆಯಿ ರಸ್ತೆಗೆ ಅಡ್ಡ ನಿಂತು, "ಇವತ್ತ ಕೇಳ್ತೀನಿ" ಎಂದು ಕ್ಯಾರಿಯರ್ ಏರಿದಳು. ಬೀಗತಿಯ ಮನೆಗೆ ಹೋಗಬೇಕಂತೆ. ಯಾರಿಗೋ ಹುಷಾರಿಲ್ಲವೇನೋ ಎಂದುಕೊಂಡು ಜೋರಾಗಿ ತುಳಿದೆ.

ಇಳಿದವಳೇ ಸೆರಗು ಬಿಗಿದಳು: "ನನ್ನ ಹೋಳಿಗಿ ದಪ್ಪ ಅಂದಾಳಂತ. ನೀ ಸೈಕಲ್ ಗಂಟಿ ಬಾರಿಸ್ತಿರು."

"ಯಾಕ ಆಯಿ?"

"ಮಂದಿ ಕೂಡಬ್ಯಾಡೇನ? ಸುಮ್ಮನ ಜಗಳಾಡಾಕ ನನಗೇನ ಹುಚ್ಚೇನು?"

ಬಾರಿಸಿದೆ. ಓಣಿ ತುಂಬಿತು. ಇಬ್ಬರೂ ಹೋಳಿಗೆಯಿಂದ ಶುರುಮಾಡಿ, ಮದುವೆಯ ಸೀರೆ ದಾಟಿ, ತೀರಿಹೋದ ಹಿರಿಯರ ತನಕ ಹೋಗಿಬಂದರು. ಕೊನೆಗೆ ಬೀಗತಿ ತಾನು ಮಾಡಿದ ಹೋಳಿಗೆಯನ್ನೇ ತಂದಿಟ್ಟಳು. ಆಯಿ ತಿಂದಳು, ಚಹಾ ಕುಡಿದಳು, ಹೊರಗೆ ಬಂದು ನನ್ನ ಕಿವಿಯಲ್ಲಿ, "ನನ್ನವ ದಪ್ಪ ಖರೇನ. ಅದನ್ನ ಅಕಿ ಹೇಳಬಾರದು" ಅಂದು ಮತ್ತೆ ಕ್ಯಾರಿಯರ್ ಏರಿದಳು.

"ಆಯಿ, ನನ್ನ ಸಾಲಿಗೆ ತಡಾತು! ಋಣ ಹರೀತಲ್ಲ?"

"ಹೋಗೂದಷ್ಟ ಹರೀತು. ಹೊಳ್ಳಿ ಬರೂದು ಯಾರ ಮ್ಯಾಲೆ?"

ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ನಾನು ಸಿಕ್ಕಿಂಗೆ ಬೆನ್ನು ಮಾಡಿ, ಆಯಿಯನ್ನು ಕೂರಿಸಿಕೊಂಡು ಅವಳ ಅಂಗಳದ ತನಕ ಸೈಕಲ್ ತುಳಿದು ಇಳಿಸಿದೆ.