ಸೀಮೆಹುಲ್ಲು ಕಿತ್ತು ಹೆಬ್ಬೇವು ನೆಟ್ಟದ್ದು

ರೈತನಿಗೆ ಬೇಕಾದದ್ದು ದೂರದೃಷ್ಟಿ. ಅದು ನನಗಿದೆ ಎಂಬುದರಲ್ಲಿ ನನಗಂತೂ ಸಂಶಯವಿರಲಿಲ್ಲ. ಅನುಗೊಂಡನಹಳ್ಳಿಯ ಹತ್ತಿರ ನಮಗಿರುವುದು ಇಪ್ಪತ್ತು ಗುಂಟೆ. ಅದರಲ್ಲಿ ಹೆಂಡತಿ ಮಂಜುಳಾ ತನ್ನ ಎರಡು ಹಸುಗಳಿಗೆ ಸೀಮೆಹುಲ್ಲು ಬೆಳೆಯುತ್ತಿದ್ದಳು. ಡೇರಿಗೆ ಹಾಕುವ ಹಾಲಿನಿಂದಲೇ ಮನೆ ನಡೆಯುತ್ತಿತ್ತು.

ಮರ ಕೃಷಿಯ ತರಬೇತಿಯೊಂದರಲ್ಲಿ ಪರಿಣತರೊಬ್ಬರು, "ಎಂಟು ವರ್ಷದ ನಂತರದ ನಾಲ್ಕು ಭವಿಷ್ಯ ಊಹಿಸಿ, ಆಮೇಲೆ ನಿರ್ಧರಿಸಿ" ಎಂದರು. ಊಹಿಸಿದೆ. ಮಳೆ ಬಂದರೆ, ಬಾರದಿದ್ದರೆ. ಮರದ ಬೆಲೆ ಏರಿದರೆ, ಇಳಿದರೆ. ನಾಲ್ಕು ಚೌಕ ಎಳೆದು ತುಂಬಿಸಿದೆ. ನಾಲ್ಕರಲ್ಲೂ ಹುಲ್ಲನ್ನು ಸೋಲಿಸಿ, ಎಂಟು ವರ್ಷಕ್ಕೆ ಕಡಿತಕ್ಕೆ ಬರುವ ಹೆಬ್ಬೇವು ಮರವೇ ಗೆದ್ದಿತು. ತೀರ್ಪುಗಾರ ನಾನೇ ತಾನೆ!

ಮಂಜುಳಾ ಆವತಿಯ ತವರಿಗೆ ಹೋಗಿದ್ದ ಮೂರು ದಿನದಲ್ಲಿ ಹುಲ್ಲನ್ನು ಬುಡಸಮೇತ ಕೀಳಿಸಿ ಸಸಿ ನೆಡಿಸಿದೆ. ಕಿತ್ತ ಹುಲ್ಲನ್ನೆಲ್ಲ ಹಸುಗಳಿಗೆ ಸುರಿದೆ. ಹಾಲು ಹೆಚ್ಚಾಯಿತು! ಯೋಜನೆ ಆಗಲೇ ಫಲ ಕೊಡುತ್ತಿದೆ ಎಂದು ದಿನಚರಿಯಲ್ಲಿ ಬರೆದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಬಂದ ಮಂಜುಳಾ ಕುಡುಗೋಲು ಹಿಡಿದು ಹೊಲಕ್ಕೆ ಹೋದಳು. ಹೋದಷ್ಟೇ ಬೇಗ ಬಂದಳು.

"ರೀ, ನನ್ ಹುಲ್ಲೆಲ್ಲಿ?"

"ಚೌಕ ಹಾಕಿ ನೋಡಿದೀನಿ, ನಾಲ್ಕರಲ್ಲೂ ಹೆಬ್ಬೇವೇ ಗೆದ್ದಿದೆ. ಎಂಟು ವರ್ಷ ತಡ್ಕೋ. ಮರ ಬಂತು ಅಂದ್ರೆ..."

"ಅಲ್ಲೀವರ್ಗೂ ಹಸುಗೆ ನಿಮ್ ಚೌಕ ಹಾಕ್ಲಾ?"

ನನಗೆ ಉರಿದುಹೋಯಿತು. ಓದಿದವನ ದೂರದೃಷ್ಟಿಗೆ ಈ ಮನೆಯಲ್ಲಿ ಕವಡೆ ಬೆಲೆಯಿಲ್ಲ!

"ನಿನ್ನ ಕೇಳೇ ಮಾಡಿದ್ದು ಕಣೇ! ಹೂಂ ಅಂದಿದ್ದೆ ನೀನು!"

"ಯಾವಾಗ?"

ಅವಳು ಮುದ್ದೆ ತಿರುವುತ್ತ ಹೂಂ ಅಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಸಾಕ್ಷಿಗೆಂದು ದಿನಚರಿ ತೆರೆದು ಗಟ್ಟಿಯಾಗಿ ಓದಿದೆ: "ಮಂಜುಳಾಗೆ ಇವತ್ತೂ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ."

ಅಕ್ಷರ ನನ್ನದೇ! ಆ ಮುದ್ದೆ, ಆ ಹೂಂ, ಎಲ್ಲವನ್ನೂ ಯಾವಾಗ ಕಟ್ಟಿಕೊಂಡೆನೋ! ನನ್ನ ನೆನಪಿನಷ್ಟು ನಿಷ್ಠಾವಂತ ವಕೀಲ ನನಗೆ ಯಾವ ಕೋರ್ಟಿನಲ್ಲೂ ಸಿಕ್ಕಲಾರ.

"ಯಾಕ್ ನಿಲ್ಲಿಸಿದ್ರಿ? ಓದಿ, ಚೆನ್ನಾಗೈತೆ" ಎಂದು ಮಂಜುಳಾ ಕುಡುಗೋಲನ್ನು ನನ್ನ ಕಾಲ ಬಳಿ ಎಸೆದಳು. "ಹೋಗಿ, ಕೆರೆ ಕಡೆಯಿಂದ ಕುಯ್ಕೊಂಡ್ ಬನ್ನಿ. ಸಾಯಂಕಾಲ ಡೇರಿಗೂ ನೀವೇ ಹೋಗಿ."

ಪರಿಣತರ ಮೇಲೆ, ಹೆಬ್ಬೇವಿನ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಬರೆದಿಡುವ ನನ್ನ ಹಾಳು ಚಟದ ಮೇಲೆ ಹಲ್ಲು ಕಡಿಯುತ್ತ ಕುಯ್ದೆ. ಹೊರೆ ತಂದು ಹಸುಗಳ ಮುಂದೆ ಗತ್ತಿನಿಂದ ಕೆಡವಿದೆ.

ಮಂಜುಳಾ ಬಿಡಿಸಿ ನೋಡಿದಳು. "ಅಯ್ಯೋ, ಅರ್ಧ ಪಾರ್ಥೇನಿಯಂ! ಹಾಲು ಕಹಿ ಆಗುತ್ತೆ!"

ಅವಳು ಗಾಬರಿಪಡಬೇಕಿರಲಿಲ್ಲ. ಹಸುಗಳೆರಡೂ ಮೂಸಿದವು, ನನ್ನನ್ನು ನೋಡಿದವು, ಮುಖ ತಿರುಗಿಸಿದವು.

ಸಂಜೆ ಅರ್ಧ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಂತೆ. ಹಾಲು ಅಳೆಯುವವನು ಕ್ಯಾನಿನೊಳಗೆ ಇಣುಕಿ, "ಏನಣ್ಣಾ, ಇಷ್ಟೇನಾ? ಹಸುಗೆ ಕಾಯಿಲೆನಾ?" ಎಂದ.

"ಹಸುಗಲ್ಲ" ಎಂದೆ.