ಬೆಣ್ಣೆ ಗಡಿಗೆಯ ತನಿಖೆ

"ಈ ಮನೆಯ ಬೆಣ್ಣೆಕಳ್ಳನನ್ನ ಇವತ್ತು ಸಂಜೆಯೊಳಗೆ ಹಿಡಿಯದಿದ್ದರೆ ನಾ ಪೊಲೀಸೇ ಅಲ್ಲ!"

ಕಾನ್‌ಸ್ಟೇಬಲ್ ಭೋಜನ್ ಮೀಸೆ ತಿರುವಿದ. ಅದು 1934ನೇ ಇಸವಿ. ಊಟಿಗೆ ಹೊಸದಾಗಿ ಬಂದ ಸಾಹೇಬರು ವಿಲಾಯಿತಿಯಿಂದ ಒಂದು ಕರಿಗಾಜು ತಂದಿದ್ದರು. ಕತ್ತಲ ಕೋಣೆಯೊಳಕ್ಕೆ ಅದರ ಮೂಲಕ ಬಿಸಿಲು ಬಿಟ್ಟರೆ ನೇರಳಾತೀತ ಕಿರಣ ನುಸುಳಿ, ಕಣ್ಣಿಗೆ ಕಾಣದ ಕಲೆಗಳು ಹೊಳೆಯುತ್ತಿದ್ದವು. ಕಳ್ಳತನವಾದ ಮನೆಗಳಲ್ಲಿ ಸಾಹೇಬರು ಅದನ್ನು ಹಿಡಿಯುತ್ತಿದ್ದರು; ಅಲ್ಲಿಯವರೆಗೆ ಭೋಜನ್ ಹೊರುತ್ತಿದ್ದ. ಹೊತ್ತವನಿಗೆ ವಿದ್ಯೆ ಬಾರದಿರುತ್ತದೆಯೇ! ಶನಿವಾರ ಗಾಜನ್ನು ಟವೆಲಿನಲ್ಲಿ ಸುತ್ತಿ ತನ್ನ ಊರು, ಹಟ್ಟಿಗೇ ತಂದುಬಿಟ್ಟ.

ಬೆಣ್ಣೆ ಹೋಗುತ್ತಿದ್ದದ್ದು ಹಾಲುಕೋಣೆಯಿಂದ. ಅವನಂಥ ನೀಲಗಿರಿಯ ಬಡಗರ ಮನೆಯಲ್ಲಿ ಆ ಹೊಸ್ತಿಲನ್ನು ಹೆಂಗಸರು ದಾಟುವಂತಿಲ್ಲ. ಒಳಗೆ ಹೋಗುವವರು ಭೋಜನ್ ಮತ್ತು ಅವನ ಅಪ್ಪ ಜೋಗಿ ಗೌಡರು, ಇಬ್ಬರೇ. ಅಪ್ಪನಿಗೆ ಡಾಕ್ಟರು ಬೆಣ್ಣೆ ಬಿಡಿಸಿ ತಿಂಗಳಾಗಿತ್ತು; ಅಂದಿನಿಂದ ಅವರು ಹಟ್ಟಿಗೆಲ್ಲ ಪಥ್ಯದ ಉಪದೇಶ ಮಾಡುತ್ತಿದ್ದರು. ತಾನೋ, ಪೊಲೀಸು. ಉಳಿದವಳು ಹೆಂಡತಿ ಚಿನ್ನಿ! ತನಿಖೆ ಅರ್ಧ ಮುಗಿದೇಹೋಯಿತು.

ಭಾನುವಾರ ಬೆಳಿಗ್ಗೆ ಚಳಿಜ್ವರಕ್ಕೆಂದು ಪೋಸ್ಟಾಫೀಸಿನಲ್ಲಿ ಮಾರುವ ಕಹಿ ಕ್ವಿನೈನ್ ಪುಡಿಯನ್ನು ನಿಂಬೆರಸದಲ್ಲಿ ಕಲಸಿ ಗಡಿಗೆಯ ಬಾಯಿಗೆ ಸವರಿದ. ಆ ಕಿರಣಕ್ಕೆ ಕ್ವಿನೈನ್ ನೀಲಿಯಾಗಿ ಹೊಳೆಯುತ್ತದೆ. ಮಧ್ಯಾಹ್ನ ನೋಡಿದರೆ ಬೆಣ್ಣೆಯಲ್ಲಿ ಮೂರು ಬೆರಳಿನ ಗುಂಡಿ!

"ನಾ ಹಾಲುಕೋಣೆ ಹೊಕ್ಕೆ ಅಂತೀಯಾ?" ಚಿನ್ನಿ ಸೊಂಟಕ್ಕೆ ಕೈಯಿಟ್ಟಳು. "ಇದು ಬೆಣ್ಣೆ ಮಾತಲ್ಲ, ನನ್ನ ಮಾನದ ಮಾತು. ಹಿಡಿ ನಿನ್ನ ಗಾಜು! ನನ್ನ ಕೈ ಹೊಳೆದರೆ ಈಗಲೇ ತವರಿಗೆ ಹೋಗ್ತೀನಿ. ಹೊಳೆಯದಿದ್ದರೆ?"

"ಮೀಸೆ ಬೋಳಿಸ್ತೀನಿ!"

ನ್ಯಾಯ ಹೇಳಲು ಅಪ್ಪನನ್ನೇ ಹೊರಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ಬಿಸಿಲು ಬೀಳುವ ಕಿಂಡಿಗೆ ಕರಿಗಾಜು ಸಿಕ್ಕಿಸಿದ. ಚಿನ್ನಿ ಎರಡೂ ಕೈ ಚಾಚಿದಳು. ಕತ್ತಲು! ಕೈ ಇದೆಯೋ ಇಲ್ಲವೋ ಎಂಬಷ್ಟು ಕತ್ತಲು!

"ತೊಳೆದಿರ್ತಾಳೆ!" ಎಂದು ಕೂಗುತ್ತ ಭೋಜನ್ ಮುಂದೆ ಬಂದ. ಕ್ವಿನೈನ್ ಸವರಿದ ಅವನ ಬೆರಳುಗಳೂ, ಆ ಬೆರಳುಗಳು ಬೆಳಗಿನಿಂದ ತಿರುವುತ್ತಿದ್ದ ಮೀಸೆಯೂ ನೀಲಿಯಾಗಿ ಧಗಧಗಿಸಿದವು.

"ಕಳ್ಳ ಸಿಕ್ಕಿದ!" ಜೋಗಿ ಗೌಡರು ಗಹಗಹಿಸಿ ನಗುತ್ತ ಬೆಳಕಿಗೆ ಬಾಗಿದರು.

ಅವರ ಗಡ್ಡವೂ ಹೊಳೆಯಿತು.

"ಏನು ನೋಡ್ತೀರಿ? ವಯಸ್ಸಾದ ಮೇಲೆ ಗಡ್ಡ ಹೊಳೆಯದೆ ಇರುತ್ತಾ?"

ಚಿನ್ನಿ ಮೆಲ್ಲಗೆ ಕೇಳಿದಳು: "ಮಾಮ, ಬೆಣ್ಣೆ ಕಹಿ ಇತ್ತಾ?"

"ವಿಷ ಕಣಮ್ಮ, ವಿಷ! ಮೂರು ಸಲ ಉಗಿದೆ..." ಎಂದವರು ನಾಲಿಗೆ ಕಚ್ಚಿಕೊಂಡರು.

"ಹೆಂಗೂ ಕಳ್ಳನನ್ನ ಹಿಡಿದೆನಲ್ಲ!" ಭೋಜನ್ ಸೋಲೊಪ್ಪಲಿಲ್ಲ. ಚಿನ್ನಿ ಕ್ಷೌರದ ಕತ್ತಿ ತಂದು ಮುಂದಿಟ್ಟಳು.

ಸೋಮವಾರ ಠಾಣೆಯಲ್ಲಿ ಸಾಹೇಬರು ಕಣ್ಣರಳಿಸಿದರು. "ಮೀಸೆ ಎಲ್ಲಿ, ಭೋಜನ್?"

ಭೋಜನ್ ಎದೆಯುಬ್ಬಿಸಿ ಸಲಾಮು ಹೊಡೆದ.

"ಸಾಕ್ಷ್ಯ ಅಂತ ಮನೆಯವಳು ಜಪ್ತಿ ಮಾಡಿದ್ದಾಳೆ, ಸಾರ್!"